ಅಜ್ಜಿಯ ಕಡೆಗೋಲು, ಕಂಪನಿಯ ಚೀಟಿ

(ಬೂದಿಗೆರೆಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ. ಸಭೆಗೆ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ.)



ಈ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವಿನ ಬಗ್ಗೆ, ಕಾಲುಬಾಯಿ ಜ್ವರದ ಲಸಿಕೆಯ ಬಗ್ಗೆ, ಹಸಿರು ಮೇವಿನ ಬಗ್ಗೆ ತಿಳಿದವರು ಮಾತನಾಡುತ್ತಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ಕಂಪನಿಗಳ ಪ್ರಚಾರದಿಂದ ನಮ್ಮ ಹಳ್ಳಿಯ ಬದುಕಿಗೆ ಏನಾಗುತ್ತಿದೆ, ಅದಕ್ಕೆ ನಾವು ಏನು ಮಾಡಬೇಕು ಎಂಬುದು. ಹಸುವಿಗೂ ಇದಕ್ಕೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಕೇಳಿದಂತಾಯಿತು. ಸಂಬಂಧ ಇದೆ.

ಮೇಜಿನ ಮೇಲಿರುವ ಈ ತುಪ್ಪದ ಬಾಟಲಿಯನ್ನು ನೋಡಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರೊಬ್ಬರು ತಂದುಕೊಟ್ಟದ್ದು. ಯಾರ ಸರಕು ಎಂಬುದು ಇಲ್ಲಿ ಮುಖ್ಯವಲ್ಲ, ಇಂಥವು ಅಂಗಡಿಯಲ್ಲಿ ಹತ್ತಾರು ಇವೆ. ಅದಕ್ಕೇ ಹೆಸರಿನ ಮೇಲೆ ಕಾಗದ ಅಂಟಿಸಿದ್ದೇನೆ. ಚಿತ್ರ ಮಾತ್ರ ನೋಡಿ. ಒಬ್ಬ ಅಜ್ಜಿ ಕುಳಿತಿದ್ದಾಳೆ. ಮುಂದೆ ಮಣ್ಣಿನ ಗಡಿಗೆ, ಕೈಯಲ್ಲಿ ಹಗ್ಗ ಸುತ್ತಿದ ಕಡೆಗೋಲು. ಹಿಂದೆ ಹೆಂಚಿನ ಮನೆ. ಪಕ್ಕದಲ್ಲಿ ಚೂಪು ಕೊಂಬಿನ ನಾಟಿ ಹಸು, ಕೊರಳಲ್ಲಿ ಗಂಟೆ. ಸಗಣಿ ಎಲ್ಲೂ ಕಾಣುವುದಿಲ್ಲ. ಚಿತ್ರದ ಹಸು ಸಗಣಿ ಹಾಕುವುದಿಲ್ಲವಷ್ಟೇ!

ಇದು ಯಾರ ಮನೆ? ನಿಮ್ಮ ಮನೆ. ನಲವತ್ತು ವರ್ಷದ ಹಿಂದೆ ಈ ಸೀಮೆಯ ಯಾವ ಮನೆಗೆ ಹೋದರೂ ಬೆಳಗಿನ ಜಾವ ಕೇಳುತ್ತಿದ್ದ ಸದ್ದು ಈ ಕಡೆಗೋಲಿನದೇ. ಆ ಅಜ್ಜಿಯರು ಕಡೆದ ಬೆಣ್ಣೆಗೆ ಸಂತೆಯಲ್ಲಿ ಚೌಕಾಸಿ ಮಾಡಿ ಬೆಲೆ ಇಳಿಸುತ್ತಿದ್ದರು. ಈಗ ಅದೇ ಅಜ್ಜಿಯ ಚಿತ್ರ ಹಾಕಿದ ತುಪ್ಪಕ್ಕೆ ಕೆ.ಜಿ.ಗೆ ಸಾವಿರ ರೂಪಾಯಿಗೂ ಮೇಲೆ. ಎರಡು ಸಾವಿರ ದಾಟಿದ್ದೂ ಉಂಟು. ನಾವು ಡೇರಿಗೆ ಹಾಕುವ ಹಾಲಿಗೆ ಜಿಡ್ಡು ನೋಡಿ, ಎಸ್.ಎನ್.ಎಫ್. ನೋಡಿ ಬೆಲೆ ಕಟ್ಟುತ್ತಾರೆ. ಈ ಬಾಟಲಿಯಲ್ಲಿ ಜಿಡ್ಡಿಗೆ ಕೊಡುವ ಬೆಲೆ ಎಷ್ಟು, ಅಜ್ಜಿಯ ಚಿತ್ರಕ್ಕೆ ಕೊಡುವ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿ. ಆ ಎರಡನೆಯ ಪಾಲಿನಲ್ಲಿ ಯಾವ ಅಜ್ಜಿಗೂ ಒಂದು ಕಾಸು ಸಂದಿಲ್ಲ.

ಬಾಟಲಿಯ ಮೇಲೆ ದೊಡ್ಡದಾಗಿ 'ಎ2' ಎಂದು ಬರೆದಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಿಮ್ಮ ಕಸುಬಿನ ಮಾತು. ಹಾಲಿನ ಪ್ರೋಟೀನಿನಲ್ಲಿ ಬೀಟಾ ಕೇಸೀನ್ ಎಂಬುದೊಂದು ಭಾಗ. ಅದರಲ್ಲಿ ಎ1, ಎ2 ಎಂದು ಎರಡು ಬಗೆ. ನಮ್ಮ ನಾಟಿ ಹಸುಗಳಲ್ಲಿ, ಎಮ್ಮೆಗಳಲ್ಲಿ ಇರುವುದು ಹೆಚ್ಚಾಗಿ ಎ2. ಎಚ್.ಎಫ್. ತಳಿಯ ಸೀಮೆ ಹಸುಗಳಲ್ಲಿ ಎರಡೂ ಸಿಗುತ್ತವೆ. ಎ1 ಇದ್ದ ಹಾಲು ಕುಡಿದರೆ ರೋಗ ಬರುತ್ತದೆ ಎಂದು ಖಚಿತವಾಗಿ ಸಾಬೀತಾಗಿಲ್ಲ. ಅದಿರಲಿ, ಪ್ರೋಟೀನಿನ ಮಾತನ್ನು ತುಪ್ಪಕ್ಕೆ ಅಂಟಿಸುವುದು ಹೇಗೆ? ತುಪ್ಪವೆಂದರೆ ಪೂರಾ ಕೊಬ್ಬು. ಬೆಣ್ಣೆ ಕಾಯಿಸಿದಾಗ ಪ್ರೋಟೀನು ಎಲ್ಲಿ ಹೋಗುತ್ತದೆ ಎಂದು ಇಲ್ಲಿ ಕುಳಿತಿರುವ ತಾಯಂದಿರನ್ನು ಕೇಳಿ. ಪಾತ್ರೆಯ ತಳದಲ್ಲಿ ಕಂದು ಬಣ್ಣದ ಗಸಿಯಾಗಿ ಉಳಿಯುತ್ತದೆ. ಅದಕ್ಕೆ ಸಕ್ಕರೆ ಕಲಸಿ ಮಕ್ಕಳಿಗೆ ಕೊಡುತ್ತಿದ್ದೆವು. ಎ2 ಎಂಬುದು ಇದ್ದರೆ ಆ ಗಸಿಯಲ್ಲಿದೆ, ಸೋಸಿ ಬಾಟಲಿಗೆ ತುಂಬಿದ ತುಪ್ಪದಲ್ಲಿ ಹೇಳಿಕೊಳ್ಳುವಷ್ಟು ಇಲ್ಲ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಈ ಮಾತನ್ನು ಹೇಳಿತು. 2024ರ ಆಗಸ್ಟ್ 21ರಂದು, ಹಾಲು ಮತ್ತು ಹಾಲಿನ ಪದಾರ್ಥಗಳ ಪೊಟ್ಟಣಗಳಿಂದ ಎ1, ಎ2 ಎಂಬ ಹೇಳಿಕೆಗಳನ್ನು ತೆಗೆಯಬೇಕೆಂದು ಆದೇಶ ಹೊರಡಿಸಿತು. ಆಗಸ್ಟ್ 26ಕ್ಕೆ, ಅಂದರೆ ಒಂದು ವಾರವೂ ತುಂಬುವ ಮೊದಲೇ, ಸಂಬಂಧಪಟ್ಟವರೊಡನೆ ಇನ್ನಷ್ಟು ಸಮಾಲೋಚನೆ ನಡೆಸಬೇಕೆಂದು ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಬಾಟಲಿಯ ಮೇಲಿನ ಅಕ್ಷರ ಉಳಿಯಿತು.

ಶ್ರೀಮಂತರು ಎರಡು ಸಾವಿರ ಕೊಟ್ಟು ತುಪ್ಪ ತಿಂದರೆ ನಮಗೇನು ನಷ್ಟ ಎಂದು ತಾವು ಕೇಳಬಹುದು. ನಷ್ಟವಿದೆ. ಎ2 ಒಳ್ಳೆಯದು ಎಂದು ಕೂಗಿ ಮಾರಬೇಕಾದರೆ ಉಳಿದದ್ದು ಕೆಟ್ಟದ್ದು ಎಂದು ಪಿಸುಗುಟ್ಟಲೇಬೇಕು. ಆ ಉಳಿದದ್ದು ಯಾವುದು? ನೀವು ಇವತ್ತು ಬೆಳಿಗ್ಗೆ ಹಾಕಿದ ಹಾಲು. ಬ್ಯಾಂಕಿನ ಸಾಲ ತೆಗೆದು, ಕೊಟ್ಟಿಗೆ ಕಟ್ಟಿ, ರಾತ್ರಿ ಹನ್ನೊಂದಕ್ಕೆ ಎದ್ದು ಕರು ಹಾಕಿಸಿ ಸಾಕಿದ ಸೀಮೆ ಹಸುವಿನ ಹಾಲು. ನಗರದ ಕೆಲವು ಮನೆಗಳಲ್ಲಿ ಈಗ ಅದನ್ನು ಅನುಮಾನದಿಂದ ನೋಡುತ್ತಾರೆ. ನಮ್ಮ ಅಜ್ಜಿಯ ಚಿತ್ರವನ್ನೇ ಮುಂದಿಟ್ಟುಕೊಂಡು ನಮ್ಮ ಹಾಲಿನ ಮೇಲೆ ಅನುಮಾನ ಹುಟ್ಟಿಸಿದ್ದಾರೆ. ಇದರ ಜಾಣತನ ನೋಡಿ.

ನಾಟಿ ಹಸುವಿಗೆ ಗೌರವ ಬೇಡವೆಂದು ನಾನು ಹೇಳುತ್ತಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಯನ್ನು ಸಿಂಗರಿಸಿ ಹೊಡೆದುಕೊಂಡು ಹೋಗುವವರು ನಮ್ಮ ನಡುವೆ ಇದ್ದಾರೆ. ಯಾವ ಜಾಹೀರಾತೂ ಇಲ್ಲದ ಕಾಲದಲ್ಲಿ ಆ ತಳಿಯನ್ನು ಉಳಿಸಿದವರು ಅವರು. ಹಳ್ಳಿಕಾರ್ ಹೆಸರು ಹೇಳಿ ದುಡ್ಡು ಮಾಡುವವರು ಅವರ ಕೊಟ್ಟಿಗೆಗೆ ಒಂದು ಹೊರೆ ಹುಲ್ಲನ್ನಾದರೂ ಕಳುಹಿಸಬೇಕಿತ್ತು.

ಇನ್ನೊಂದು ಪದ ನೋಡಿ, 'ಬಿಲೋನಾ'. ಇದೇನೋ ಹೊಸ ಯಂತ್ರವಿರಬೇಕು ಎಂದುಕೊಂಡಿದ್ದೀರಾ? ಹಿಂದಿಯಲ್ಲಿ ಮೊಸರು ಕಡೆಯುವುದಕ್ಕೆ ಹೇಳುವ ಮಾತು ಅಷ್ಟೆ. ಕಡೆಗೋಲಿನ ತುಪ್ಪ ಎಂದು ಬರೆದರೆ ಬೆಂಗಳೂರಿನಲ್ಲಿಯೂ ಬೆಲೆ ಬರುವುದಿಲ್ಲವಂತೆ! ಕೆಲಸ ನಮ್ಮದು, ಚಿತ್ರ ನಮ್ಮದು, ಹೆಸರು ಮಾತ್ರ ಬೇರೆಯದು.

ಹೆಸರಿನ ವಿಷಯ ಬಂದಾಗ 2023ರ ಮಾರ್ಚ್ ತಿಂಗಳು ನೆನಪಿಗೆ ಬರಬೇಕು. ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಮುಖ್ಯವಾಗಿ ಬರೆದು, 'ಮೊಸರು' ಎಂಬುದನ್ನು ಆವರಣದೊಳಗೆ ಹಾಕಬೇಕೆಂದು ಅದೇ ಪ್ರಾಧಿಕಾರ ಸೂಚಿಸಿತ್ತು. ಇದು ಕಂಪನಿ ಮಾಡಿದ್ದಲ್ಲ, ಸರ್ಕಾರಿ ಕಚೇರಿ ಮಾಡಿದ್ದು. ಆದರೆ ಇಡೀ ದೇಶ ಒಂದೇ ಅಂಗಡಿ, ಅಲ್ಲಿ ಒಂದೇ ಹೆಸರಿದ್ದರೆ ಅನುಕೂಲ ಎಂಬ ಯೋಚನೆ ಇಬ್ಬರದೂ ಒಂದೇ. ಕರ್ನಾಟಕದಲ್ಲಿ ನಮ್ಮ ಮಹಾಮಂಡಳಿ, ತಮಿಳುನಾಡಿನಲ್ಲಿ ಆವಿನ್ ಆಕ್ಷೇಪಿಸಿದವು. ಮಾರ್ಚ್ 30ರಂದು ಸೂಚನೆ ಬದಲಾಯಿತು. ಅವರವರ ಭಾಷೆಯ ಹೆಸರನ್ನೇ ಆವರಣದಲ್ಲಿ ಹಾಕಿಕೊಳ್ಳಲು ಒಪ್ಪಿಗೆ ಬಂತು. ಮನೆಯಲ್ಲಿ ಹೆಪ್ಪು ಹಾಕುವ ಒಬ್ಬಳೇ ಹೆಣ್ಣುಮಗಳು ದೆಹಲಿಗೆ ಕಾಗದ ಬರೆದಿದ್ದರೆ ಇದು ಆಗುತ್ತಿತ್ತೇ? ಲಕ್ಷಾಂತರ ಜನರ ಸಂಘ ಬರೆದದ್ದರಿಂದ ಆಯಿತು.

ಇನ್ನು ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಹಿಟ್ಟು ಮಾಡುವುದು ನಮ್ಮ ತಾಯಂದಿರಿಗೆ ಹೊಸದಲ್ಲ. ಮಗುವಿಗೆ ಹಲ್ಲು ಬರುವ ಮೊದಲೇ ಕೊಡುತ್ತಿದ್ದ ಆಹಾರ ಅದು. ಈ ಮಣ್ಣಿನಲ್ಲಿ ಬೆಳೆಯುವ ರಾಗಿ, ಈ ಕೊಟ್ಟಿಗೆಯ ಹಾಲು. ನಡುವೆ ಬಂದದ್ದು ಡಬ್ಬದ ಪುಡಿ. ಕುಡಿದರೆ ಮಗು ಎತ್ತರ ಬೆಳೆಯುತ್ತದೆ, ಪರೀಕ್ಷೆಯಲ್ಲಿ ಮುಂದಿರುತ್ತದೆ ಎಂದು ಟಿ.ವಿ.ಯಲ್ಲಿ ದಿನಕ್ಕೆ ಹತ್ತು ಸಲ ಹೇಳಿದರು. ಹಾಲು ಹಾಕಿ ಬಂದ ಬಟವಾಡೆಯಲ್ಲಿ ಡಬ್ಬ ಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಕೈ ಎತ್ತಿಸುವುದಿಲ್ಲ, ಗಾಬರಿಯಾಗಬೇಡಿ.

ಆದರೆ ಒಂದು ಸಂಗತಿ ಗೊತ್ತಿರಲಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಒಂದು ಸೂಚನೆ ಕೊಟ್ಟಿತು. ಬೋರ್ನ್‌ವೀಟಾ ಮೊದಲಾದ ಪಾನೀಯಗಳನ್ನು 'ಆರೋಗ್ಯ ಪಾನೀಯ' ಎಂಬ ಗುಂಪಿನಿಂದ ತೆಗೆಯಿರಿ, ಏಕೆಂದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಆರೋಗ್ಯ ಪಾನೀಯ' ಎಂಬ ಮಾತಿಗೆ ಅರ್ಥವನ್ನೇ ಕೊಟ್ಟಿಲ್ಲ ಎಂದಿತು. ಅದೇ ತಿಂಗಳು ಹಾರ್ಲಿಕ್ಸ್ ತಯಾರಿಸುವ ಕಂಪನಿಯೂ ತನ್ನ ಪಾನೀಯಗಳ ಗುಂಪಿನ ಹೆಸರಿನಿಂದ 'ಆರೋಗ್ಯ' ಎಂಬ ಪದವನ್ನು ಕೈಬಿಟ್ಟಿತು. ಎರಡು ತಲೆಮಾರು ಆ ಒಂದು ಪದವನ್ನು ನಂಬಿ ಕೊಂಡವು. ಈ ನಡುವೆ, 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದ ಹಾಲಿನ ಜೊತೆಗೆ 2024ರಿಂದ ರಾಗಿ ಮಾಲ್ಟೂ ಸೇರಿದೆ. ನಮ್ಮ ರಾಗಿ ಶಾಲೆಯ ಮೂಲಕ ತಿರುಗಿ ಮನೆಗೆ ಬರುತ್ತಿದೆ ಎನ್ನಿ.

ನಾಲಿಗೆ ಬಹಳ ಬೇಗ ಪಳಗುತ್ತದೆ. ಇದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ, ಎಲ್ಲ ಸಹಕಾರಿಗಳಿಗೂ ತಿಳಿದಿರಬೇಕಾದದ್ದು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಪಾಲ್ಸನ್ ಎಂಬ ಖಾಸಗಿ ಡೇರಿ ಇತ್ತು. ಹೆಸರು ಕೇಳಿದರೆ ಬಿಳಿಯರದು ಎನ್ನಿಸುತ್ತದೆ. ಕಟ್ಟಿದವರು ಮುಂಬಯಿಯ ಪಾರಸಿ ವ್ಯಾಪಾರಿ. ತಮ್ಮ ಅಡ್ಡಹೆಸರು 'ಪಾಲಿ' ಎಂಬುದಕ್ಕೆ ಇಂಗ್ಲಿಷ್ ಬಾಲ ಸೇರಿಸಿ ಪಾಲ್ಸನ್ ಮಾಡಿಕೊಂಡರು. ಸಾಹೇಬರಿಗೆ ಮಾರಬೇಕಲ್ಲ! ಬಿಲೋನಾ ಜಾಣತನ ಇಂದಿನದೇನೂ ಅಲ್ಲ. 1945ರಲ್ಲಿ ಮುಂಬಯಿ ನಗರಕ್ಕೆ ಹಾಲು ಒದಗಿಸುವ ಏರ್ಪಾಡಾದಾಗ ಲಾಭವೆಲ್ಲ ಪಾಲ್ಸನ್ನಿಗೂ ದಲ್ಲಾಳಿಗಳಿಗೂ ಹೋಯಿತು. ರೈತರು ಸರ್ದಾರ್ ಪಟೇಲರ ಬಳಿಗೆ ಹೋದರು. ಹಾಲು ಹಾಕಬೇಡಿ, ನಿಮ್ಮದೇ ಸಂಘ ಕಟ್ಟಿ ಎಂದರು ಅವರು. 1946ರಲ್ಲಿ ಹದಿನೈದು ದಿನ ಖೇಡಾದ ರೈತರು ಹಾಲು ಹಾಕಲಿಲ್ಲ. ಆ ವರ್ಷ ಡಿಸೆಂಬರ್ 14ರಂದು ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ನೋಂದಣಿಯಾಯಿತು. ಅಮುಲ್ ಹುಟ್ಟಿದ್ದು ಹೀಗೆ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲ. ಅಮುಲ್ ಬೆಣ್ಣೆ ಮಾರುಕಟ್ಟೆಗೆ ಬಂದಾಗ ಜನ ಅದನ್ನು ಮೆಚ್ಚಲಿಲ್ಲ. ಪಾಲ್ಸನ್ ಬೆಣ್ಣೆ ಹುಳಿ ಬಂದ ಕೆನೆಯದು, ಉಪ್ಪು ಹಾಕಿದ್ದು. ಅಮುಲ್‌ನದು ತಾಜಾ ಕೆನೆಯದು. ತಾಜಾ ಬೆಣ್ಣೆ ಸಪ್ಪೆ, ಹಳಸಿದ್ದು ರುಚಿ ಎಂದು ಕೊಳ್ಳುವವರ ನಾಲಿಗೆ ತೀರ್ಮಾನಿಸಿಬಿಟ್ಟಿತ್ತು. ಕೊನೆಗೆ ರೈತರ ಡೇರಿಯೇ ಆ ರುಚಿಗೆ ತಕ್ಕಂತೆ ತನ್ನ ಬೆಣ್ಣೆಯನ್ನು ಬದಲಿಸಿಕೊಳ್ಳಬೇಕಾಯಿತು. ಡೇರಿ ಕಟ್ಟಿ ಪಾಲ್ಸನ್ನನ್ನು ಸೋಲಿಸಿದರು. ಪಾಲ್ಸನ್ ಕಲಿಸಿದ ರುಚಿಯನ್ನು ಸೋಲಿಸಲು ಅವರಿಂದಲೂ ಆಗಲಿಲ್ಲ.

ನಮ್ಮ ರಾಜ್ಯದಲ್ಲಿ ಕಲ್ಲು ಹಿಡಿದು ಹೊರಟವರೂ ಇದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು 1992ರ ಡಿಸೆಂಬರ್ 29ರಂದು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಹೊರಗೆಸೆದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಘಟಕವನ್ನು ಕೆಡವಿದರು. 1996ರ ಜನವರಿ 30ರಂದು ಬ್ರಿಗೇಡ್ ರಸ್ತೆಯ ಕೆಂಟಕಿ ಕೋಳಿ ಅಂಗಡಿಯ ಗಾಜು ಪುಡಿಯಾಯಿತು. ಬೀಜ ರೈತನ ಕೈಯಲ್ಲೇ ಉಳಿಯಬೇಕು ಎಂದು ಅವರು ಅಂದು ಎತ್ತಿದ ಪ್ರಶ್ನೆ ಇಂದಿಗೂ ಸರಿಯಾದದ್ದೇ, ಅದನ್ನು ಅಷ್ಟು ಮೊದಲೇ ಎತ್ತಿದವರು ಕಡಿಮೆ. ಆದರೆ ಗಾಜು ಒಡೆದ ಅಂಗಡಿ ಮತ್ತೆ ತೆರೆಯಿತು. ಇಂದು ಅಂಥವು ಮಾಲ್‌ಗಳಲ್ಲಿ, ಹೆದ್ದಾರಿಗಳಲ್ಲಿ ಎಲ್ಲೆಲ್ಲೂ ಇವೆ. ನಮ್ಮ ಮಕ್ಕಳೇ ಅಲ್ಲಿ ಸಾಲಿನಲ್ಲಿ ನಿಂತಿದ್ದಾರೆ. ಕಲ್ಲಿನಿಂದ ಗಾಜು ಒಡೆಯಬಹುದು, ಆಸೆ ಒಡೆಯುವುದಿಲ್ಲ. ಅದಕ್ಕೆ ಎದುರಾಗಿ ನಮ್ಮದೇ ಆದ ಒಂದು ಪದಾರ್ಥ, ನಮ್ಮದೇ ಆದ ಒಂದು ಹೆಸರು ಇರಬೇಕು.

ಅಂಥ ಹೆಸರೊಂದು ನಮ್ಮಲ್ಲಿದೆ. ಬೆಂಗಳೂರು ಡೇರಿ 1965ರಲ್ಲಿ ಆರಂಭವಾಯಿತು. 1974ರಲ್ಲಿ ರಾಜ್ಯದ ಡೇರಿ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಮಹಾಮಂಡಳಿಯಾಯಿತು. ನಮ್ಮ ಹಾಲಿನ ಹೆಸರು ನಂದಿನಿ. ಡಾ. ರಾಜ್‌ಕುಮಾರ್ ಅವರ ಮುಖವೊಂದಿದ್ದರೆ ಆ ಕಾಲದಲ್ಲಿ ಸೋಪಿನಿಂದ ಸಿಮೆಂಟಿನವರೆಗೆ ಏನು ಬೇಕಾದರೂ ಮಾರಬಹುದಿತ್ತು. ಯಾವ ಕಂಪನಿಯ ಜಾಹೀರಾತಿಗೂ ಅವರು ಹೋಗಲಿಲ್ಲ. 1990ರ ದಶಕದಲ್ಲಿ ನಂದಿನಿ ಹಾಲಿಗೆ ಮಾತ್ರ ನಿಂತರು, ಅದಕ್ಕೂ ಹಣ ಮುಟ್ಟಲಿಲ್ಲ. ಮುಂದೆ ಪುನೀತ್ ರಾಜ್‌ಕುಮಾರ್ ಅವರೂ ಹಾಗೆಯೇ ಸಂಭಾವನೆ ಇಲ್ಲದೆ ನಡೆಸಿಕೊಟ್ಟರು. ಹಣ ಕೊಟ್ಟು ಕೊಳ್ಳುವ ಪ್ರಚಾರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಜನ ತಾವಾಗಿಯೇ ಗುರುತಿಸಿದರು.

ಹಾಗೆಂದು ನಾವು ಬೆನ್ನು ತಟ್ಟಿಕೊಂಡು ಕೂರುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು, ಮೊಸರು ತರುತ್ತೇನೆಂದಾಗ ಇಲ್ಲಿ ಎಷ್ಟು ಗಲಾಟೆಯಾಯಿತು ಎಂಬುದು ತಮಗೆ ಗೊತ್ತು. ಚುನಾವಣೆಯ ಕಾಲ ಬೇರೆ. ಅಮುಲ್ ಕೂಡ ನಮ್ಮಂತಹ ರೈತರ ಸಂಸ್ಥೆಯೇ ಎಂಬ ಮಾತು ಆ ಗದ್ದಲದಲ್ಲಿ ಅಡಗಿಹೋಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ನಮ್ಮ ನಂದಿನಿ ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಮಿಲ್ಮಾದವರು ನಮ್ಮ ಮೇಲೆ ಅದೇ ದೂರು ಹೇಳಿದರು. ಒಂದು ಸಹಕಾರಿ ಇನ್ನೊಂದರ ಅಂಗಳಕ್ಕೆ ಕಾಲಿಡುವುದು ತರವೇ ಎಂದರು. ನಮಗೆ ಒಂದು ನ್ಯಾಯ, ಕೇರಳದ ರೈತನಿಗೆ ಒಂದು ನ್ಯಾಯ ಆಗುವುದಿಲ್ಲ. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಅಂಗಿಯ ಮೇಲೆ ಕನ್ನಡ ಅಕ್ಷರದಲ್ಲಿ ನಂದಿನಿ ಎಂದಿತ್ತು. ನೋಡಿ ನನಗೂ ಖುಷಿಯಾಯಿತು, ಸುಳ್ಳು ಹೇಳಲಾರೆ. ಆದರೆ ಆ ಖರ್ಚು ಎಷ್ಟು, ಅದರಿಂದ ಹಾಲು ಹಾಕುವವನಿಗೆ ಬಂದದ್ದೇನು ಎಂದು ಕೇಳುವ ಹಕ್ಕು ನಮಗಿದೆ. ತುಪ್ಪದ ಕಂಪನಿಯನ್ನು ನೀವು ಹಾಗೆ ಕೇಳಲಾಗುವುದಿಲ್ಲ. ನಮ್ಮ ಸಂಘದಲ್ಲಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇದೆ, ನಮ್ಮ ಪ್ರತಿನಿಧಿಗಳು ಕೂರುವ ಒಕ್ಕೂಟದ ಸಭೆ ಇದೆ. ಅಲ್ಲಿ ಜಾಹೀರಾತಿನ ಲೆಕ್ಕವನ್ನು ಓದಿಸಿ ಕೇಳಿ. ಉಪ್ಪಿಟ್ಟು ಕಾಫಿ ಮುಗಿಸಿ ಸಹಿ ಹಾಕಿ ಬರುವುದಾದರೆ ನಮ್ಮದೂ ಒಂದು ಕಂಪನಿಯೇ.

ಈಗ ನಮ್ಮ ಊರ ಮಾತು. ಇದನ್ನು ಹೇಳಲೆಂದೇ ಇಷ್ಟು ಹೊತ್ತು ಸುತ್ತು ಬಂದದ್ದು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಊರಿನ ಹೆಸರಿಗೇ ಬೆಲೆ ಬಂದಿದೆ. ಹಳೇ ಮದ್ರಾಸ್ ರಸ್ತೆಯ ಬೂದಿಗೆರೆ ಕ್ರಾಸ್ ಎಂಬುದು ಈಗ ಪತ್ರಿಕೆಯ ಇಡೀ ಪುಟದ ಫ್ಲ್ಯಾಟ್ ಜಾಹೀರಾತಿನಲ್ಲಿದೆ. ಬಡಾವಣೆಗಳಿಗೆ ಇಟ್ಟಿರುವ ಹೆಸರುಗಳನ್ನು ಓದಲು ನಮ್ಮ ಮೊಮ್ಮಕ್ಕಳನ್ನು ಕರೆಯಬೇಕು. ಚಿತ್ರದಲ್ಲಿ ಮಾತ್ರ ಹಸಿರು ಹೊಲ, ಕೆರೆ, ಹಕ್ಕಿ. ಹೊಲ ಹೋದ ಜಾಗದಲ್ಲಿ ಹೊಲದ ಚಿತ್ರ. ಜಮೀನು ಮಾರುವುದು ಬಿಡುವುದು ಅವರವರ ಕಷ್ಟಸುಖ, ಅದರ ಬಗ್ಗೆ ನಾನು ಮಾತನಾಡುವುದಿಲ್ಲ. ಬೇರೊಂದು ಮಾರಾಟದ ಬಗ್ಗೆ ಹೇಳಬೇಕು.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುತ್ತೇವೆ. ಕುರುಕ್ಷೇತ್ರ ಆಡದ ಊರು ಇಲ್ಲವೇ ಇಲ್ಲವೆನ್ನಬಹುದು. ಇದು ಹೇಗೆ ನಡೆಯುತ್ತದೆ ಎಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಟನಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟುತ್ತಾನೆ. ದುರ್ಯೋಧನನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹಾಲು ಕರೆದು, ಡೇರಿಗೆ ಹಾಕಿ, ಊಟ ಮಾಡಿ, ರಾತ್ರಿ ಹತ್ತರ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ಓದು ಬರದವರು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಬರುತ್ತವೆ. ರಾತ್ರಿ ಇಡೀ ಆಟ, ಬೆಳಿಗ್ಗೆ ಬಣ್ಣ ಸರಿಯಾಗಿ ಹೋಗುವ ಮೊದಲೇ ಕೆಚ್ಚಲು ತೊಳೆಯಲು ಕೊಟ್ಟಿಗೆಗೆ ಹಾಜರು. ಭೀಮಸೇನ ಗದೆ ಇಳಿಸಿ ಕ್ಯಾನು ಹಿಡಿದು ಬಂದು ಡೇರಿಯ ಸಾಲಿನಲ್ಲಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಯಾರ ಅನುದಾನವೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಸ್ವತಂತ್ರ ಸಂಸ್ಕೃತಿ ಎಂದು ಪಟ್ಟಣದ ವಿದ್ವಾಂಸರು ಸೆಮಿನಾರು ಮಾಡುತ್ತಾರಲ್ಲ, ಅದು ಇದೇ.

ಈ ಸಲದ ನಾಟಕಕ್ಕೆ ಒಂದು ಬಡಾವಣೆಯವರು ಪೂರ್ತಿ ಖರ್ಚು ಕೊಡಲು ಮುಂದೆ ಬಂದಿದ್ದಾರೆ. ಹೆಸರು ಬೇಡ. ಹುಡುಗರು ಖುಷಿಯಾಗಿದ್ದಾರೆ, ಅದು ಸಹಜ. ಪಾತ್ರದ ದುಡ್ಡು ಕಟ್ಟುವುದು ಎಲ್ಲರಿಗೂ ಸುಲಭವಲ್ಲ, ಎರಡು ಬಟವಾಡೆ ಹೋಗುತ್ತದೆ. ಕಂಪನಿಯವರು ಕೇಳುವುದಾದರೂ ಏನು? ರಂಗದ ಮೇಲೆ ಅವರ ಬ್ಯಾನರು, ಪರದೆ ಬಿದ್ದಾಗಲೆಲ್ಲ ಮೈಕಿನಲ್ಲಿ ಸೈಟಿನ ಬೆಲೆ, ನಡುವೆ ಅವರ ಮಾಲೀಕರಿಗೆ ಸನ್ಮಾನ, ಮತ್ತು ಆಟ ಹನ್ನೆರಡು ಗಂಟೆಗೆ ಮುಗಿಯಬೇಕು. ಅಷ್ಟೇ ತಾನೇ ಎನ್ನುತ್ತಾರೆ.

ಹನ್ನೆರಡಕ್ಕೆ ಮುಗಿಯಬೇಕಾದರೆ ಏನು ಬಿಡುತ್ತೀರಿ? ಕೃಷ್ಣಸಂಧಾನ ಬಿಡಲಾಗದು, ಯುದ್ಧ ಬಿಡಲಾಗದು. ಮೊದಲು ಹೋಗುವುದು ಸಣ್ಣ ಪಾತ್ರಗಳು. ಅಂದರೆ ಹೆಚ್ಚು ದುಡ್ಡು ಕಟ್ಟಲಾಗದೆ ಸಣ್ಣ ಪಾತ್ರ ಹಿಡಿದು, ಆ ಒಂದು ರಾತ್ರಿ ಕಿರೀಟ ಇಟ್ಟುಕೊಳ್ಳುವ ಬಡವರು. ಮುಂದಿನ ವರ್ಷ ಕಂಪನಿ ಸೈಟೆಲ್ಲ ಮಾರಿ ಹೋಗಿರುತ್ತದೆ. ಆಗ ಪಾತ್ರಕ್ಕೆ ದುಡ್ಡು ಕಟ್ಟುವ ರೂಢಿಯೂ ತಪ್ಪಿರುತ್ತದೆ, ಕೊಡುವವರೂ ಇರುವುದಿಲ್ಲ. ತಂಪು ಪಾನೀಯದ ಕಥೆ ಹಾಗೆಯೇ ಆಯಿತಲ್ಲ. 1977ರಲ್ಲಿ ದೇಶ ಬಿಟ್ಟಿದ್ದ ಕೋಕಾ ಕೋಲಾ 1993ರಲ್ಲಿ ಮರಳಿ ಬಂದಾಗ ಪಾರ್ಲೆಯವರಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನು ಕೊಂಡುಕೊಂಡಿತು. ಬೇಕಾದದ್ದನ್ನು ಇಟ್ಟುಕೊಂಡಿತು. ಗೋಲ್ಡ್ ಸ್ಪಾಟ್ ಅಂಗಡಿಯಿಂದ ಕಾಣೆಯಾಯಿತು. ಕೊಂಡವನಿಗೆ ಮುಚ್ಚುವ ಹಕ್ಕೂ ಇರುತ್ತದೆ.

ನಂದಿನಿ ಎಂದರೆ ಯಾರು? ವಸಿಷ್ಠರ ಆಶ್ರಮದ ಹಸು, ಕಾಮಧೇನುವಿನ ಮಗಳು. ರಾಜನಾಗಿದ್ದ ವಿಶ್ವಾಮಿತ್ರ ಆಶ್ರಮಕ್ಕೆ ಬಂದು, ಸೈನ್ಯಸಮೇತ ಊಟ ಮಾಡಿ, ಆ ಹಸುವನ್ನೇ ಕೇಳಿದ. ಬದಲಿಗೆ ಕೋಟಿಗಟ್ಟಲೆ ಹಸು ಕೊಡುತ್ತೇನೆ, ರಾಜ್ಯ ಕೊಡುತ್ತೇನೆ ಎಂದ. ವಸಿಷ್ಠರು ಬೆಲೆ ಸಾಲದು ಎಂದು ಹೇಳಲಿಲ್ಲ, ಇದು ಮಾರುವ ಹಸುವಲ್ಲ ಎಂದರು. ಈ ಕಥೆ ನಮ್ಮ ನಾಟಕದವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಯುವಕರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಸರಿ ಸ್ವಾಮಿ, ದುಡ್ಡು ನೀವು ಕೊಡುತ್ತೀರಾ? ನ್ಯಾಯವಾದ ಪ್ರಶ್ನೆ. ಬರೀ ಬೇಡ ಎಂದು ಹೇಳಿ ಮನೆಗೆ ಹೋಗುವವರಿಂದ ಯಾವುದೂ ಉಳಿಯುವುದಿಲ್ಲ. ಹಿರಿಯರೊಡನೆ ಕುಳಿತು ಒಂದು ದಾರಿ ಯೋಚಿಸಿದ್ದೇವೆ. ಪಾತ್ರದ ಹಣವನ್ನು ಒಮ್ಮೆಗೇ ಕಟ್ಟುವ ಬದಲು, ಒಪ್ಪಿದವರು ಬಟವಾಡೆಗೆ ಇಷ್ಟು ಎಂದು ಕಂತಿನಲ್ಲಿ ತಾವೇ ತೆಗೆದಿಡುವುದು. ಪಾತ್ರ ಮಾಡದವರು ಚಂದಾ ಬರೆಸುವುದು. ಸಂಘದ ಹಣ ಇದಕ್ಕೆ ಮುಟ್ಟುವುದಿಲ್ಲ, ಅದು ಹಾಲಿನ ಹಣ, ಲೆಕ್ಕ ಪರಿಶೋಧನೆಗೆ ಒಳಪಟ್ಟದ್ದು. ಬಡಾವಣೆಯವರಿಗೆ ಕೊಡಲೇಬೇಕೆಂಬ ಪ್ರೀತಿ ಇದ್ದರೆ ಎಲ್ಲರಂತೆ ಚಂದಾ ಪುಸ್ತಕದಲ್ಲಿ ಬರೆಸಲಿ, ರಸೀದಿ ಕೊಡೋಣ. ಬ್ಯಾನರು ಬೇಡ, ಸಮಯದ ಕಟ್ಟಳೆ ಬೇಡ.

ಇನ್ನೆರಡು ಸಣ್ಣ ಮಾತು ಹೇಳಿ ಮುಗಿಸುತ್ತೇನೆ. ಪೊಟ್ಟಣದ ಹಿಂಭಾಗವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರಬೇಕೆಂಬ ನಿಯಮವಿದೆ. ಸಕ್ಕರೆ ಎಷ್ಟನೆಯ ಜಾಗದಲ್ಲಿದೆ ನೋಡಿದರೆ ಸಾಕು, ಮುಂಭಾಗದ ಚಿತ್ರದ ಬಣ್ಣ ಅರ್ಧ ಇಳಿಯುತ್ತದೆ. ಓದಲು ಬಾರದಿದ್ದರೆ ಮಕ್ಕಳ ಕೈಯಲ್ಲಿ ಓದಿಸಿ. ಅವರಿಗೂ ಅದೊಂದು ಪಾಠ.

ಮದುವೆಯ ಸುಗ್ಗಿ ಬರುತ್ತಿದೆ. ಐಸ್‌ಕ್ರೀಂ ತರಿಸುವಾಗ ಡಬ್ಬದ ಮೇಲೆ 'ಐಸ್‌ಕ್ರೀಂ' ಎಂದಿದೆಯೋ 'ಫ್ರೋಜನ್ ಡೆಸರ್ಟ್' ಎಂದಿದೆಯೋ ನೋಡಿ. ಮೊದಲನೆಯದು ಹಾಲಿನ ಜಿಡ್ಡಿನದು. ಎರಡನೆಯದಕ್ಕೆ ಹಾಕುವುದು ಸಾಮಾನ್ಯವಾಗಿ ಸಸ್ಯದ ಎಣ್ಣೆಯ ಜಿಡ್ಡು. ನೋಡಲು ಒಂದೇ, ಅಂಗಡಿಯಲ್ಲಿ ಕೇಳುವ ಹೆಸರೂ ಒಂದೇ. 2017ರಲ್ಲಿ ಅಮುಲ್ ಈ ವ್ಯತ್ಯಾಸವನ್ನು ಜಾಹೀರಾತಿನಲ್ಲಿ ತೋರಿಸಿದಾಗ ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಗಿ ಆ ಜಾಹೀರಾತಿಗೆ ತಡೆ ತಂದಿತು. ಟಿ.ವಿ.ಯಲ್ಲಿ ಹೇಳಲು ತಡೆ ಬಂದಿರಬಹುದು, ಡಬ್ಬ ತಿರುಗಿಸಿ ಓದಲು ನಮಗೆ ತಡೆ ಇಲ್ಲ. ಹಾಲು ಹಾಕುವವರ ಮಗಳ ಮದುವೆಯಲ್ಲಿ ಎಣ್ಣೆಯ ಐಸ್‌ಕ್ರೀಂ ಬಡಿಸಿದರೆ ಬೀಗರು ಸುಮ್ಮನಿರಬಹುದು, ಕೊಟ್ಟಿಗೆಯ ಹಸು ಏನೆಂದುಕೊಂಡೀತು?

ನಾಟಕದ ಚಂದಾ ಪುಸ್ತಕವನ್ನು ಇಂದಿನಿಂದ ಡೇರಿಯ ಜಗುಲಿಯಲ್ಲಿ ಇಡಲಾಗಿದೆ. ಸಂಜೆ ಹಾಲು ಹಾಕುವ ಹೊತ್ತಿನಲ್ಲಿ ಹುಡುಗರು ಅಲ್ಲಿ ಇರುತ್ತಾರೆ. ಧರ್ಮರಾಯ, ಅರ್ಜುನ, ಶಕುನಿ ಪಾತ್ರಗಳಿಗೆ ಹೆಸರು ಬಂದಿದೆ. ಭೀಮನ ಪಾತ್ರಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ. ದನಿ ದೊಡ್ಡದಿರುವವರು ಈ ವಾರದೊಳಗೆ ಮೇಷ್ಟ್ರನ್ನು ಕಾಣಬೇಕೆಂದು ಕೋರುತ್ತೇನೆ.